ತಾಯಿಕುರಿ ಕೇಳಿದ ನಾಗರತ್ನಕ್ಕ

ನಾಗರತ್ನಕ್ಕನ ಫೋನಿನಲ್ಲಿ ಆ ಆಪ್ ಹಾಕಿಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಬರೆದರೆ ಬರೆದದ್ದು ನನಗೇ ಜೀರ್ಣವಾಗುವುದಿಲ್ಲ.

ತೆಲಂಗಾಣದ ನ್ಯಾಲ್ಕಲ್ ಮಂಡಲದ ಈ ಊರಿಗೆ ನಾವು ಬಂದು ಎರಡು ವರ್ಷವಾಯಿತು. ನನ್ನ ಗಂಡ ಜೈಪಾಲ ಇಲ್ಲಿಯ ಶಾಲೆಯಲ್ಲಿ ಮಾಸ್ತರ. ಮನೆಯ ಮುಂದಿನ ಎರಡು ಕೋಣೆ ನಮಗೆ ಬಾಡಿಗೆ, ಹಿಂದಿನದು ನಾಗರತ್ನಕ್ಕ ಮತ್ತು ಅವಳ ಅತ್ತೆ ಅಮೃತಬಾಯಿಯದು, ಅದರ ಹಿಂದೆ ಕುರಿ ದೊಡ್ಡಿ. ನಾನು ಕಲಬುರಗಿಯಲ್ಲಿ ಓದಿ ಬೆಳೆದವಳು. ಮಗಳಿಗೆ ಆಗ ಹತ್ತು ತಿಂಗಳು. ದೊಡ್ಡಿಯ ನೊಣ, ಹಿಕ್ಕೆಯ ವಾಸನೆ, ನಾಯಿ, ಬೋರಿನ ನೀರು, ಯಾವುದನ್ನು ನೋಡಿದರೂ ನನಗೆ ಮಗುವಿನ ಜ್ವರವೇ ಕಾಣುತ್ತಿತ್ತು. ಥರ್ಮಾಮೀಟರನ್ನು ಕೈಯಲ್ಲೇ ಹಿಡಿದುಕೊಂಡು ತಿರುಗುತ್ತಿದ್ದೆ. ನಾಗರತ್ನಕ್ಕ ಒಮ್ಮೆ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿ, "ಜ್ವರ ಬರೂಕಿಂತ ಮೊದಲ ಹೇಳ್ತದೇನು ಇದು?" ಅಂದಳು.

"ಇಲ್ಲ ಅಕ್ಕಾ, ಬಂದ ಮೇಲೆ."

"ಬಂದ ಮ್ಯಾಲ ನನಗೂ ಗೊತ್ತಾಗ್ತದ," ಅಂತ ವಾಪಸು ಕೊಟ್ಟಳು.

ಅವಳಿಗೆ ಈಗ ಮೂವತ್ತೊಂಬತ್ತು. ಗಂಡ ಕಲ್ಯಾಣಪ್ಪ ಕಾಮಾಲೆಯಾಗಿ ತೀರಿಕೊಂಡಾಗ ಮೂವತ್ತಮೂರು. ಹತ್ತೊಂಬತ್ತು ಕುರಿ, ಹದಿಮೂರರ ಮಗಳು, ಅತ್ತೆ. ಕುರಿ ಮಾರಿ ಜಹೀರಾಬಾದಿನಲ್ಲಿ ಎಲ್ಲಾದರೂ ಕೂಲಿಗೆ ಹೋಗು ಅಂತ ಮೈದುನ ಮೊಗಲಪ್ಪ ಹೇಳಿದನಂತೆ. ಹೆಂಗಸು ಹಿಂಡಿನ ಹಿಂದೆ ಹೋದರೆ ಜನ ನಗುತ್ತಾರೆ ಅಂದನಂತೆ. "ನಗ್ಲಿ, ಕುರಿಗೇನು ತಿಳೀತದ," ಅಂದು ಗಂಡನ ಕೋಲು, ಗಂಡನ ಕಂಬಳಿ ತೆಗೆದುಕೊಂಡು ಮರುದಿನವೇ ಹೊರಟವಳು. ಆ ಹತ್ತೊಂಬತ್ತು ಐವತ್ತೆಂಟಾದವು. ಮಗಳನ್ನು ಬೀದರ ಕಡೆ ಕೊಟ್ಟು ಮದುವೆಯನ್ನೂ ಮಾಡಿದ್ದಾಳೆ.

ಸಂಜೆ ಹಿಂಡು ಬರುವಾಗ ಅವಳು ಎಣಿಸುವುದಿಲ್ಲ. ದೊಡ್ಡಿಯ ಬಾಗಿಲಲ್ಲಿ ನಿಂತು, ಬೇರೆ ಯಾರ ಜೊತೆಗೋ ಮಾತಾಡುತ್ತಲೇ ಒಳಗೆ ಬಿಡುತ್ತಾಳೆ. ಒಂದು ದಿನ ನನ್ನ ಜೊತೆ ಬೇಳೆಯ ರೇಟಿನ ಮಾತಾಡುತ್ತಿದ್ದವಳು ನಡುವೆ ನಿಲ್ಲಿಸಿ, "ಕಿವಿಹರಕಿ ಬಂದಿಲ್ಲ," ಅಂದಳು. ನನಗೆ ನಂಬಿಕೆಯಾಗಲಿಲ್ಲ. ಒಳಗೆ ಹೋಗಿ ಮೊಬೈಲ್ ಬೆಳಕು ಹಾಕಿ ಎರಡು ಸಲ ಎಣಿಸಿದೆ. ಐವತ್ತೇಳು. ಹೊರಗೆ ಬರುವಷ್ಟರಲ್ಲಿ ಅವಳು ಹಳ್ಳದ ಕಡೆ ಅರ್ಧ ದಾರಿ ಹೋಗಿದ್ದಳು. ಹೆಗಲ ಮೇಲೆ ಕುರಿ ಹೊತ್ತು ವಾಪಸು ಬಂದವಳನ್ನು ನಾನು ಬಾಯಿ ತೆರೆದು ನೋಡಿದೆ. ಎರಡು ವರ್ಷದಲ್ಲಿ ಹಾಗೆ ನೋಡಿದ್ದು ಅದೊಂದೇ ಸಲವಲ್ಲ.

ಇಂಥವಳಿಗೆ ನಾನು ಆಪ್ ಹಾಕಿಕೊಟ್ಟೆ.

ಅವಳೇ ಕೇಳಿದ್ದು. ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿಯುವುದಕ್ಕೆ ಅವರಲ್ಲಿ ಉಡಿಕಿ ಅನ್ನುತ್ತಾರೆ. ಮುಚ್ಚುಮರೆಯ ವಿಷಯವೇನಲ್ಲ. ಆದರೆ ಗಂಡು ತರುವವರು ಬೇಕಲ್ಲ. ಮೊಗಲಪ್ಪ ತಂದ ಇಬ್ಬರೂ ಕುರಿ ಎಷ್ಟಿವೆ ಅಂತ ಕೇಳಿದರೇ ಹೊರತು ಇವಳ ಮುಖ ನೋಡಿರಲಿಲ್ಲ.

"ಏ ಸ್ವರೂಪಾ, ನಿಮ್ಮ ಪಟ್ಟಣದಾಗ ಗಂಡು ಹ್ಯಾಂಗ ಹುಡುಕ್ತಾರ?" ಅಂತ ಒಂದು ಮಧ್ಯಾಹ್ನ ಕೇಳಿದಳು.

"ಈಗೆಲ್ಲ ಫೋನಿನಲ್ಲೇ ಅಕ್ಕಾ. ಫೋಟೊ ಹಾಕಬೇಕು. ಇಷ್ಟವಾದವರು ಮಾತಾಡುತ್ತಾರೆ."

ಒಳಗಿನಿಂದ ಅಮೃತಬಾಯಿಯ ದನಿ ಬಂತು. "ಫೋನಿನ್ಯಾಗ ಗಂಡ ಬರ್ತಾನಂದ್ರ ನನಗೂ ಒಬ್ಬನ್ನ ತರಸ್ರಿ. ಹಲ್ಲಿಲ್ಲದಂವ ಆದ್ರೂ ನಡೀತದ. ನನಗೂ ಇಲ್ಲ."

"ನಿನಗ ಬಂದಂವ ನಿನ್ನ ಬಾಯಿಗಿ ಹೆದರಿ ಓಡ್ತಾನ ಅತ್ತಿ."

"ಓಡ್ಲಿ. ಬ್ಯಾರೆದಂವ ಬರ್ತಾನ. ಫೋನಿನ್ಯಾಗ ಭಾಳ ಅದಾರಂತಲ್ಲ."

ಫೋಟೊಕ್ಕೆ ಒಂದು ಕುರಿಯನ್ನು ತಬ್ಬಿಕೊಂಡು ನಿಂತಳು. ಕುರಿ ಬಿಟ್ಟು ಒಂದು ತೆಗೆಯೋಣ ಅಂದೆ. "ಕುರಿ ಬಿಟ್ರ ನಾ ಯಾರಂತ ಗೊತ್ತಾಗಬೇಕು?" ಅಂದಳು. ಅದನ್ನೇ ಹಾಕಿದೆ.

ಹದಿನೈದು ದಿನದೊಳಗೆ ಅನಿಲಕುಮಾರ ಬಂದ. ದುಬೈಯಲ್ಲಿ ಸಿವಿಲ್ ಇಂಜಿನಿಯರ್, ವಯಸ್ಸು ನಲವತ್ತನಾಲ್ಕು, ಹುಟ್ಟಿದ್ದು ಹೈದರಾಬಾದು, ಓದಿದ್ದು ಬೆಂಗಳೂರು, ಹೆಂಡತಿ ತೀರಿಕೊಂಡಿದ್ದಾಳೆ. ಬಿಳಿ ಅಂಗಿ, ತಲೆಗೆ ಹಳದಿ ಹೆಲ್ಮೆಟ್. ಶಾಲೆಯ ಪುಸ್ತಕದಲ್ಲಿರುವಂಥ ಕನ್ನಡದಲ್ಲಿ ಬರೆಯುತ್ತಿದ್ದ. "ಊಟ ಮಾಡಿದಿರಾ? ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ." ಆರು ವರ್ಷದಿಂದ ಅವಳಿಗೆ ಹಾಗೆ ಯಾರೂ ಹೇಳಿರಲಿಲ್ಲ. ವಿಡಿಯೊ ಮಾಡು ಅಂದರೆ ಸೈಟಿನಲ್ಲಿ ಅನುಮತಿಯಿಲ್ಲ ಅನ್ನುತ್ತಿದ್ದ. ದನಿ ಕೇಳಿಸು ಅಂದರೆ ಸಿಗ್ನಲ್ ಇಲ್ಲ ಅನ್ನುತ್ತಿದ್ದ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಮಗುವಿನ ಒಂದು ಸೀನಿಗೆ ಹತ್ತು ರೋಗ ಊಹಿಸುವ ನನಗೆ ಇದು ಹೊಳೆಯಲಿಲ್ಲ.

ಬಂದದ್ದನ್ನು ಅವಳು ಅಕ್ಷರ ಕೂಡಿಸಿ ಓದಿಕೊಳ್ಳುತ್ತಾಳೆ, ಆದರೆ ಬರೆಯುವುದಿಲ್ಲ, ಫೋನಿಗೆ ಬಾಯಿ ಹಚ್ಚಿ ಹೇಳುತ್ತಾಳೆ, ಅದು ಅಕ್ಷರವಾಗಿ ಹೋಗುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಕೂಗಿ ರೂಢಿಯಾದ ಗಂಟಲು. ಅವಳ ಪ್ರೇಮ ಇಡೀ ಓಣಿಗೆ ಕೇಳಿಸುತ್ತಿತ್ತು. "ಅನಿಲಕುಮಾರವ್ರೇ, ನಾ ಜ್ವಾಳದ ರೊಟ್ಟಿ ಪುಂಡಿಪಲ್ಯ ಉಂಡೀನಿ, ನೀವೇನು ಉಂಡ್ರಿ?" ಅಂತ ಅವಳು ಹೇಳಿದರೆ ಎದುರು ಮನೆಯವರು "ಬಿರಿಯಾನಿ ಅಂತ ಹೇಳ್ತಾನ ನೋಡು" ಅಂತ ಉತ್ತರ ಕೊಡುತ್ತಿದ್ದರು.

ಒಂದೂವರೆ ತಿಂಗಳ ಮೇಲೆ ಅವನು ಒಂದು ಲಿಂಕ್ ಕಳಿಸಿದ. ಕ್ರಿಪ್ಟೊ ಎಕ್ಸ್‌ಚೇಂಜ್ ಅಂತ. ತನ್ನ ಚಿಕ್ಕಪ್ಪ ಅಲ್ಲಿಯ ದೊಡ್ಡ ಪಂಡಿತ, ಯಾವಾಗ ಕೊಳ್ಳಬೇಕು ಯಾವಾಗ ಮಾರಬೇಕು ಅಂತ ಹೇಳುತ್ತಾನೆ, ನಮ್ಮ ಮುಂದಿನ ಸಂಸಾರಕ್ಕೆ ಈಗಿನಿಂದಲೇ ಕೂಡಿಡೋಣ ಅಂತ. ಪ್ಲೇಸ್ಟೋರಿನಲ್ಲಿ ಅದು ಇರಲಿಲ್ಲ, ಲಿಂಕ್ ಒತ್ತಿಯೇ ಹಾಕಿಕೊಳ್ಳಬೇಕಿತ್ತು. ಅದನ್ನು ಒತ್ತಿದ್ದೂ ನನ್ನ ಬೆರಳೇ. ಕಪ್ಪು ಪರದೆ, ಮೇಲೇರುವ ಹಸಿರು ಗೀಟುಗಳು, ಕ್ಷಣಕ್ಕೊಮ್ಮೆ ಬದಲಾಗುವ ಅಂಕಿ. ನನಗೆ ನಿಜಕ್ಕೂ ಬೆರಗಾಯಿತು. ನಮ್ಮ ಬ್ಯಾಂಕಿನ ಆಪ್‌ಗಿಂತ ಚಂದವಿತ್ತು.

ಅಕ್ಕ ಒಂದು ಟಗರು ಮಾರಿದ ಹತ್ತು ಸಾವಿರ ಹಾಕಿದಳು. ವಾರದಲ್ಲಿ ಸಾವಿರದ ಇನ್ನೂರು ಲಾಭ ಅವಳ ಬ್ಯಾಂಕ್ ಖಾತೆಗೇ ಬಂತು. ಆವತ್ತು ನಾನು ಜೈಪಾಲನ ಬೆನ್ನು ಹತ್ತಿದೆ. ಮಗಳ ಹೆಸರಿನಲ್ಲಿಟ್ಟದ್ದು ಅಲ್ಲಿ ಹಾಕೋಣ, ಓದಿಗಾಗುತ್ತದೆ, ಎಲ್ಲರೂ ಮುಂದೆ ಹೋಗುತ್ತಿದ್ದಾರೆ ಅಂತ.

"ನನಗ ತಿಳೀಲಾರದ್ದಕ್ಕ ನಾ ಸಹಿ ಹಾಕಂಗಿಲ್ಲ," ಅಂದ ಅವನು, ಉತ್ತರಪತ್ರಿಕೆಯಿಂದ ತಲೆ ಎತ್ತದೆ. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಅಕ್ಕ ಮತ್ತೆ ಮೂವತ್ತು ಸಾವಿರ ಹಾಕಿದಳು. ಪರದೆಯಲ್ಲಿ ಅದು ಎಪ್ಪತ್ತೊಂದು ಸಾವಿರವಾಯಿತು. ಆಮೇಲೆ ದೊಡ್ಡ ಮಾತು ಬಂತು. "ಇನ್ನೆಷ್ಟು ದಿನ ಕುರಿಯ ಹಿಂದೆ ಅಲೆಯುತ್ತೀರಿ? ಎಲ್ಲವನ್ನೂ ಮಾರಿ ಇಲ್ಲಿ ಹಾಕಿ. ಮೂರು ತಿಂಗಳಲ್ಲಿ ಮೂರು ಪಟ್ಟು. ದಸರೆಗೆ ನಾನು ಬರುತ್ತೇನೆ. ಈ ತಿಂಗಳೊಳಗೇ ಆಗಬೇಕು, ಚಿಕ್ಕಪ್ಪ ಹೇಳಿದ್ದಾರೆ."

ನಾಗರತ್ನಕ್ಕ ನಾಲ್ಕು ದಿನ ವಿಚಾರ ಮಾಡಿದಳು. ಐದನೆಯ ದಿನ ನಾರಾಯಣಖೇಡದ ಕುರಿ ವ್ಯಾಪಾರಿಗೆ ಫೋನ್ ಮಾಡಿ, ಬರುವ ಸಂತೆಗೆ ನನ್ನ ಕುರಿಗಳನ್ನೆಲ್ಲ ತರುತ್ತೇನೆ ಅಂದಳು. ಅಮೃತಬಾಯಿ ಕೇಳಿ ಸುಮ್ಮನಾದಳು. ಆ ಮುದುಕಿ ಸುಮ್ಮನಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಮೊಗಲಪ್ಪ ಮಾತ್ರ ಬಂದು, "ನಾ ಆರು ವರ್ಷದ ಹಿಂದನೇ ಹೇಳಿದ್ದೆ," ಅಂತ ಚಹಾ ಕುಡಿದು ಹೋದ.

ಸಂತೆಗೆ ಐದು ದಿನವಿತ್ತು. ಮಳೆ ಹಿಡಿದಿತ್ತು. ಬೆಳಿಗ್ಗೆ ಒಂದು ಕುರಿ ಈಯ್ದಿತು, ಆದರೆ ಮರಿಯನ್ನು ಹತ್ತಿರ ಬಿಡಲಿಲ್ಲ. ಮರಿ ಮೊಲೆಗೆ ಬಾಯಿ ಹಾಕಲು ಹೋದರೆ ಹಿಂಗಾಲಿನಿಂದ ಒದೆಯುತ್ತಿತ್ತು, ತಲೆಯಿಂದ ಗುದ್ದುತ್ತಿತ್ತು. ನನಗೆ ನೋಡಲಾಗಲಿಲ್ಲ. ಮಗಳನ್ನು ಎದೆಗೆ ಒತ್ತಿಕೊಂಡು ಒಳಗೆ ಬಂದೆ. ಅಕ್ಕನಿಗೆ ಗೊತ್ತಿದ್ದ ಉಪಾಯ ಮರಿಯ ಮೈಗೆ ಉಪ್ಪು ಸವರುವುದು. ತಾಯಿ ಉಪ್ಪಿಗೆ ನೆಕ್ಕುತ್ತದೆ, ನೆಕ್ಕಿದರೆ ಒಲಿಯುತ್ತದೆ. ಉಪ್ಪು ತರಲು ಒಳಗೆ ಬಂದವಳು ಅನಿಲಕುಮಾರನಿಗೂ ಒಂದು ಮಾತು ಕೂಗಿದಳು: "ಇವತ್ತ ಮಾತಾಡಾಕ ಆಗಂಗಿಲ್ಲರಿ, ಕುರಿ ಮರಿಗಿ ಒದೀಲಾಕತ್ಯದ, ಉಪ್ಪು ಹಚ್ಚಬೇಕು."

ಒಂದು ನಿಮಿಷವೂ ಆಗಿರಲಿಲ್ಲ, ಟಣ್ ಅಂತ ಉತ್ತರ ಬಂತು. ಅವಳ ಕೈ ತುಂಬ ಉಪ್ಪಿತ್ತು, ನಾನೇ ಓದಿದೆ.

"ಚೊಚ್ಚಲ ಈಯ್ದದ್ದೇನು? ಉಪ್ಪು ಬ್ಯಾಡ. ಮಳಿಗಾಲ, ಹೊಕ್ಕಳ ಹಸಿ ಇರ್ತದ, ಉರೀತದ ಮರಿಗಿ. ನಾಯಿ ತಂದು ಕುರಿ ಮುಂದ ಹಿಡೀರಿ. ಮರಿ ಹಿಂದ ಇರ್ಲಿ. ಒಂದು ಗಳಿಗಿ ಸಾಕು."

ಅಕ್ಕ ಉಪ್ಪನ್ನು ಡಬ್ಬಿಗೆ ಸುರಿದು ನಾಯಿಯ ಕೊರಳು ಹಿಡಿದು ಎಳೆದುಕೊಂಡು ಹೋದಳು. ನಾನೂ ಓಡಿದೆ. ಕುರಿ ನಾಯಿಯನ್ನು ನೋಡಿ ನಿಂತುಬಿಟ್ಟಿತು. ಮುಂಗಾಲಿನಿಂದ ನೆಲ ಬಡಿಯಿತು. ತಲೆ ತಗ್ಗಿಸಿತು. ಒಂದು ಹೆಜ್ಜೆ ಹಿಂದೆ ಸರಿದು, ಬೆಳಿಗ್ಗೆಯಿಂದ ಒದ್ದು ತಳ್ಳಿದ ಅದೇ ಮರಿಗೆ ಅಡ್ಡವಾಗಿ ನಿಂತಿತು. ನಾಯಿಯನ್ನು ಆಚೆ ಒಯ್ದ ಮೇಲೆ ತಿರುಗಿ ಮರಿಯನ್ನು ಮೂಸಿತು, ನೆಕ್ಕಿತು. ಮರಿ ಬಾಲ ಅಲ್ಲಾಡಿಸುತ್ತ ಮೊಲೆ ಹಿಡಿಯಿತು. ಮಳೆ ಹನಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ನೋಡಿದೆಯಾ ಅಕ್ಕಾ! ಎಷ್ಟು ತಿಳಿದುಕೊಂಡಿದ್ದಾನೆ! ದುಬೈಯಲ್ಲಿದ್ದುಕೊಂಡೂ..." ಅಂದೆ.

ಅವಳು ಕಟ್ಟೆಯ ಮೇಲೆ ಕೂತಳು. ಮುಖದಲ್ಲಿ ಸಂತೋಷವಿರಲಿಲ್ಲ.

"ಸ್ವರೂಪಾ, ಇಂವ ಇಂಜಿನಿಯರ್ ಅಲ್ಲ."

"ಯುಟ್ಯೂಬಿನಲ್ಲಿ ನೋಡಿರುತ್ತಾನೆ ಬಿಡು."

"ಯುಟ್ಯೂಬ್ ನೋಡಾಕ ಟೈಮ್ ಎಲ್ಲಿತ್ತು ಅವನಿಗಿ? ನಾ ಹೇಳಿ ಮುಗಿಸ್ಲಾಕ ಇಲ್ಲ, ಚೊಚ್ಚಲೇನು ಅಂತ ಕೇಳ್ದ. ಹೊಕ್ಕಳ ಉರೀತದ ಅಂದ. ಅದು ಮರಿ ಹಿಡಿದ ಕೈ. ನಮ್ಮ ಅಪ್ಪ ಹೇಳ್ತಿದ್ದ ನಾಯಿ ಮಾತು, ನಾನೇ ಮರ್ತಿದ್ದೆ." ಕೈಗಂಟಿದ ಉಪ್ಪನ್ನು ಸೆರಗಿಗೆ ಒರೆಸಿ ಹೇಳಿದಳು, "ಕುರಿ ಕಾಯೋರ ಮಗ ಆಗಿದ್ರ ಹೇಳಾಕ ನಾಚಿಕಿ ಯಾಕ? ನನಗ ಇನ್ನೂ ಛಲೋ ಆಗ್ತಿತ್ತು. ಅದನ್ನ ಮುಚ್ಯಾನ ಅಂದ್ರ ಬ್ಯಾರೆ ಏನೇನು ಮುಚ್ಯಾನ?"

ನಾನು ಹಟ ಬಿಡಲಿಲ್ಲ. ಹಣ ನಿಜವಾಗಿ ಬಂದಿದೆಯಲ್ಲ, ಸಾವಿರದ ಇನ್ನೂರು ನಿನ್ನ ಖಾತೆಗೇ ಬಂತಲ್ಲ ಅಂದೆ.

ಆಗ ಅವಳು ತಮ್ಮ ಕಸುಬಿನ ಒಂದು ರೂಢಿ ಹೇಳಿದಳು. ಅವಳ ಐವತ್ತೆಂಟರಲ್ಲಿ ಹದಿನಾಲ್ಕು ಕುರಿ ಬೇರೆಯವರವು. ಹೊಲಮನೆಯವರು, ಕೂಲಿಯವರು ಒಂದೆರಡು ಹೆಣ್ಣು ಕುರಿ ಕೊಂಡು ಕುರಿಗಾರರ ಹಿಂಡಿಗೆ ಬಿಡುತ್ತಾರೆ. ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ಕಾಯುವವರಿಗೆ. ಇದು ಪಾಲಿನ ಕುರಿ. ಆದರೆ ಎರಡನೆಯ ಕುರಿ ಬಿಡುವ ಮೊದಲು ತಿಳಿದವರು ಒಂದು ಕೆಲಸ ಮಾಡುತ್ತಾರೆ. ಹೇಳದೆ ಕೇಳದೆ ಒಂದು ದಿನ ದೊಡ್ಡಿಗೆ ಬರುತ್ತಾರೆ. ತಮ್ಮ ತಾಯಿಕುರಿಗೆ ಬೆರಳು ತೋರಿಸಿ, ಇದನ್ನು ಈಗಲೇ ಒಯ್ಯುತ್ತೇನೆ ಅನ್ನುತ್ತಾರೆ. ನೇರ ಮನುಷ್ಯನಾದರೆ ಯಾಕೆ ಅಂತ ಕೇಳದೆ ಹಿಂಗಾಲು ಹಿಡಿದು ತಂದು ಕೊಡುತ್ತಾನೆ.

"ಮೋಸದಂವ ಏನಂತಾನ ಗೊತ್ತದ? ಈಗ ಗಬ್ಬ ಅದ ರೀ. ಹಬ್ಬ ಆಗ್ಲಿ ರೀ. ಇನ್ನೊಂದು ತಂದು ಬಿಡ್ರಿ, ಜೋಡಿ ಒಯ್ರಿ. ಮರಿ ಎಲ್ಲಾರೂ ಕೊಡ್ತಾರ ಸ್ವರೂಪಾ. ಮರಿ ಕೊಟ್ಟೇ ಭರೋಸಾ ಹುಟ್ಟಸ್ತಾರ. ಆ ಸಾವಿರದ ಇನ್ನೂರು ಮರಿ. ನಾ ತಾಯಿ ಕೇಳ್ತೀನಿ ಈಗ."

ಫೋನ್ ನನ್ನ ಕೈಗಿಟ್ಟಳು. ಪೂರಾ ಎಪ್ಪತ್ತೊಂದು ಸಾವಿರ ವಾಪಸು ಅಂತ ಹಾಕು ಅಂದಳು. ಹಾಕಿದೆ. ಚಕ್ರ ತಿರುಗಿತು. ಕೆಂಪು ಪಟ್ಟಿ ಬಂತು: ಮೊತ್ತ ಬಿಡುಗಡೆಯಾಗಲು ಮೊದಲು ತೆರಿಗೆಯಾಗಿ ಹದಿನಾಲ್ಕು ಸಾವಿರ ಜಮಾ ಮಾಡಬೇಕು.

ನಾನು ಆಗಲೂ ಹೇಳಿದೆ, ನಾಚಿಕೆಯಾಗುತ್ತದೆ ಬರೆಯಲು: "ತೆರಿಗೆ ಇರುತ್ತದೆ ಅಕ್ಕಾ. ಎಲ್ಲ ಕಡೆಯೂ ಇರುತ್ತದೆ."

"ಇರ್ಲಿ. ಅದರಾಗಿಂದ ಹಿಡಕೊಂಡು ಉಳಿದದ್ದು ಕೊಡ್ಲಿ. ನನ್ನ ಕುರಿ ಬಿಡಸ್ಕೊಳ್ಳಾಕ ನಾ ಇನ್ನೊಂದು ಕುರಿ ತಗೊಂಡು ಹೋಗಬೇಕೇನು?"

ಬಿ.ಎಸ್ಸಿ. ಓದಿದ ನನಗೆ ತಲೆಗೆ ಹತ್ತದ ಲೆಕ್ಕ ಅಲ್ಲಿಗೆ ಮುಗಿಯಿತು. ನನ್ನ ಕೈಯಲ್ಲಿ ಹಸಿರು ಗೀಟುಗಳು ಇನ್ನೂ ಏರುತ್ತಲೇ ಇದ್ದವು. ಎಲ್ಲ ಬರೀ ಚಿತ್ರ. ಮಗಳ ಹಣವನ್ನೂ ಇಲ್ಲೇ ಹಾಕುತ್ತಿದ್ದೆ ಅಕ್ಕಾ ಅಂದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, "ಫಿಕರ್ ಮಾಡಬ್ಯಾಡ, ಹೋದದ್ದು ನಂದು," ಅಂದಳು. ಸಮಾಧಾನ ನಾನು ಹೇಳಬೇಕಿತ್ತು.

ನಾನಾಗಿದ್ದರೆ ಆ ಕ್ಷಣವೇ ಅವನನ್ನು ಬ್ಲಾಕ್ ಮಾಡುತ್ತಿದ್ದೆ. ಮಾಡಲಾ ಅಂತ ಕೇಳಿದೆ. ತಡಿ ಅಂದಳು. ಫೋನ್ ಬಾಯಿಗೆ ಹಿಡಿದು, ಅವತ್ತು ಮಾತ್ರ ಮೆಲ್ಲಗೆ, ಒಂದೇ ಪ್ರಶ್ನೆ ಕೇಳಿದಳು: "ಖರೇ ಹೇಳ್ರಿ. ನಿಮ್ಮ ಕುರಿ ಯಾವ ಊರಾಗ ಅದಾವ?"

ಆ ದಿನ ಉತ್ತರ ಬರಲಿಲ್ಲ. ಮರುದಿನ ಪುಸ್ತಕದ ಕನ್ನಡ ಮತ್ತೆ ಶುರುವಾಯಿತು. "ನನ್ನ ಮೇಲೆ ನಂಬಿಕೆ ಇಲ್ಲವೇ? ತೆರಿಗೆ ಕಟ್ಟದಿದ್ದರೆ ಖಾತೆ ಮುಚ್ಚುತ್ತಾರೆ." ಅದರ ಮರುದಿನ ಬೆದರಿಕೆ, ಕೇಸು ಹಾಕುತ್ತೇವೆ ಅಂತ. "ಇದು ಬ್ಯಾರೆ ಕೈ," ಅಂದಳು ಅಕ್ಕ, ಓದಿದ್ದನ್ನು ಕೇಳಿ. "ಆ ಕೈ ಅಲ್ಲ." ನಾನು ದಿನಕ್ಕೆ ಹತ್ತು ಸಲ ಬಾಗಿಲ ಚಿಲಕ ನೋಡುತ್ತಿದ್ದೆ, ದುಬೈಯಿಂದ ಯಾರೋ ಎದ್ದು ಬರುತ್ತಾರೇನೋ ಅನ್ನುವಂತೆ.

ಮೂರನೆಯ ದಿನ ಮಧ್ಯಾಹ್ನ, ನಾವು ಮೂವರೂ ಹಿಂದಿನ ಕಟ್ಟೆಯ ಮೇಲೆ ತೊಗರಿ ಕೇರುತ್ತಿದ್ದೆವು. ಮಗಳು ಮರಿಯ ಬಾಲ ಹಿಡಿದು ಆಡುತ್ತಿದ್ದಳು. ಟಣ್ ಅಂತು. ಬಗ್ಗಿ ಓದಿದೆ.

"ಅಕ್ಕಾ, ಮಾರಬ್ಯಾಡ್ರಿ. ಒಂದೂ ಮಾರಬ್ಯಾಡ್ರಿ. ರೊಕ್ಕ ಹಾಕಬ್ಯಾಡ್ರಿ. ನಾನೂ ನಿಮ್ಮವನೇ."

ಎರಡೂವರೆ ತಿಂಗಳು ನಾಗು, ನನ್ನ ನಾಗು ಅಂದವನು ಅಕ್ಕಾ ಅಂದಿದ್ದ. ನಾನು ಎರಡನೆಯ ಸಲ ಜೋರಾಗಿ ಓದುವ ಮೊದಲೇ ಅಕ್ಷರಗಳು ಹೋಗಿ, ಸಂದೇಶ ಅಳಿಸಲಾಗಿದೆ ಅಂತ ಬಂತು. ಇನ್ನೊಂದು ಗಳಿಗೆಯಲ್ಲಿ ಬಿಳಿ ಅಂಗಿಯ ಫೋಟೊ ಇಲ್ಲ, ಹೆಸರಿಲ್ಲ, ಏನೂ ಇಲ್ಲ. ಅಮೃತಬಾಯಿ ಮೊರ ಕೆಳಗಿಟ್ಟು, "ಯಾರ ಮಗನೋ ಏನೋ," ಅಂದಳು.

ನಾನು 1930ಕ್ಕೆ ಫೋನ್ ಮಾಡಿದೆ. ಸೈಬರ್ ಮೋಸಕ್ಕೆಂದೇ ಇರುವ ಸರಕಾರದ ನಂಬರು ಅದು. ಹಣ ಹೋದ ಕೂಡಲೇ ಮಾಡಿದ್ದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚಿತ್ತು ಅಂದರು. ಮರುದಿನ ಬೆಳಿಗ್ಗೆ ಜೀಪು ಹತ್ತಿ ಜಹೀರಾಬಾದಿಗೆ ಹೋದೆವು. ಠಾಣೆಯಲ್ಲಿ ಧನಲಕ್ಷ್ಮಿ ಅನ್ನುವ ಪೊಲೀಸ್ ಹುಡುಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವಳ ಕನ್ನಡದಲ್ಲಿ ಅರ್ಧ ತೆಲುಗಿತ್ತು.

"ಎಷ್ಟು ಹೋಯ್ತು ಅಕ್ಕಾ?"

"ಮೂವತ್ತೆಂಟು ಸಾವಿರದ ಎಂಟುನೂರು. ಅದು ಆಮ್ಯಾಲ ಬರಿ ತಾಯಿ. ಮೊದಲ ಮನುಷ್ಯಾನ್ನ ಬರಿ."

"ಮೋಸ ಮಾಡಿದವನ ಹೆಸರು ಗೊತ್ತೇ?"

"ಮೋಸ ಮಾಡ್ದಂವ ಅಲ್ಲ. ಸಿಕ್ಕೊಂಡಂವ. ಎಲ್ಲೋ ಹಿಡಿದಿಟ್ಟಾರ ಅವನಿಗಿ. ಬಿಡಸಬೇಕು ಅಂತ ಬರಿ."

ಧನಲಕ್ಷ್ಮಿ ಟೈಪು ಮಾಡುವುದು ನಿಲ್ಲಿಸಿ ನನ್ನ ಕಡೆ ನೋಡಿದಳು. ನನಗೂ ಹೊಸದು. ಜೀಪಿನಲ್ಲಿ ಬರುವಾಗಲೂ ಅಕ್ಕ ಇದನ್ನು ಹೇಳಿರಲಿಲ್ಲ.

"ಹೆಸರಿಲ್ಲ, ಊರಿಲ್ಲ, ನಂಬರಿಲ್ಲ. ಹೆಂಗೆ ಬರೀಲಿ ಅಕ್ಕಾ?"

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ನಾಗರತ್ನಕ್ಕ ಬೆಂಚಿನ ತುದಿಯಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟು, ಎರಡೂವರೆ ತಿಂಗಳ ಮಾತುಗಳಿಂದ ಒಬ್ಬ ಮನುಷ್ಯನನ್ನು ಹುಡುಕಿ ತೆಗೆದಳು. ಹಿಂಡು ಒಳಗೆ ಬಿಡುವಾಗ ಬಾರದ ಒಂದನ್ನು ಹೆಸರಿಸುತ್ತಾಳಲ್ಲ, ಅದೇ ದನಿ.

"ತಾಂಡೂರಿನ ಕಡೆಯಂವ. ಮಳಿಗಿ ದೊಡ್ಡಿ ಕೆಸರಾಗ್ಯದ ಅಂದ್ರ, ಪರಸಿ ನೆಟ್ಟು ನಿಲ್ಲಸ್ರಿ, ನಮ್ಮ ಕಡೆ ಹಂಗೇ ಅಂತ ಒಮ್ಮಿ ಬರದಿದ್ದ. ಕಲ್ಲು ಚಪ್ಪಡಿಗಿ ಪರಸಿ ಅನ್ನೋರು, ಗ್ವಾಡಿಗಿ ಪರಸಿ ನಿಲ್ಲಸೋರು ಆ ಕಡೆಯೋರು. ಯಾಲಾಲ ಸುತ್ತು ಇರಬೇಕು. ಅಲ್ಲಿ ಕುರಿ ಹೆಚ್ಚು. ನಲವತ್ತನಾಲ್ಕಲ್ಲ ವಯಸ್ಸು. ಮೂವತ್ತರ ಒಳಗ. ನನ್ನ ಮೊಣಕಾಲು ನೋವಂದ್ರ ನಮ್ಮ ಅವ್ವಗೂ ಹಂಗೇ ಅಂದ. ಅವ್ವ ಇದ್ದಾಳ. ಅವಳ ಹೆಸರು ಬಾಯಿಗಿ ಬಂದು ತಡೀತಿತ್ತು, ಲಚ್ಚ ಅಂತ ಬರದು ಅಳಿಸ್ದ ಒಮ್ಮಿ. ಲಚ್ಚಮ್ಮ ಇರಬೇಕು."

ಧನಲಕ್ಷ್ಮಿ ಬರೆಯತೊಡಗಿದ್ದಳು.

"ಹಿಡಿದಿಟ್ಟಾರ ಅಂತ ಹೆಂಗೆ ಗೊತ್ತು?"

"ದಿನಾ ಕೇಳ್ತಿದ್ದ, ಮಳಿ ಬಂತೇನು, ಮಳಿ ಬಂತೇನು ಅಂತ. ನಿಮ್ಮ ಕಡೆ ಹ್ಯಾಂಗ ಅದ ಆಕಾಶ ಅಂತ ನಾ ಒಂದಿನ ಕೇಳ್ದೆ. ಇಲ್ಲಿ ಕಿಡಕಿ ಇಲ್ಲರಿ ಅಂದ. ಆವತ್ತ ನನಗ ನಗಿ ಬಂದಿತ್ತು. ದುಬೈನ್ಯಾಗ ಕಿಡಕಿ ಇಡಂಗಿಲ್ಲೇನು ಅಂತ."

ಧನಲಕ್ಷ್ಮಿ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದಳು. ಹೊರದೇಶದಲ್ಲಿ ಕಂಪ್ಯೂಟರ್ ಕೆಲಸ, ಒಳ್ಳೆ ಸಂಬಳ ಅಂತ ಏಜೆಂಟರು ಹುಡುಗರನ್ನು ಒಯ್ಯುತ್ತಾರೆ. ಅಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡು ಕೂಡಿಹಾಕಿ, ಇದೇ ಕೆಲಸ ಮಾಡಿಸುತ್ತಾರೆ. ದಿನಕ್ಕೆ ಇಷ್ಟು ಜನರ ಜೊತೆ ಪ್ರೀತಿಯ ಮಾತಾಡಬೇಕು, ಇಷ್ಟು ಹಣ ಹಾಕಿಸಬೇಕು, ಇಲ್ಲದಿದ್ದರೆ ಹೊಡೆತ. ಇಂಥ ದೂರು ಬೇರೆ ಕಡೆಯೂ ಬಂದಿವೆ, ಕೆಲವರು ವಾಪಸು ಬಂದದ್ದೂ ಇದೆ ಅಂದಳು. "ಆದ್ರೆ ಮೋಸ ಹೋದವರು ಬಂದು ಅವರ ಪರವಾಗಿ ಬರೆಸೋದು ನಾನು ನೋಡಿಲ್ಲ ಅಕ್ಕಾ."

"ಪರವಾಗಿ ಅಲ್ಲ," ಅಂದಳು ನಾಗರತ್ನಕ್ಕ. "ನನ್ನ ರೊಕ್ಕ ತಿಂದೋರಿಗಿ ಹಿಡೀರಿ, ಬಿಡಬ್ಯಾಡ್ರಿ. ಇಂವನಿಗಿ ಮನಿಗಿ ತರ್ರಿ. ಎರಡೂ ಬರಿ."

ಎರಡನ್ನೂ ಬರೆದಳು. ಅಕ್ಕ ಎರಡು ಸಲ ಓದಿಸಿ ಕೇಳಿದಳು. ಯಾಲಾಲಿನ ಠಾಣೆಗೂ ಕಳಿಸುತ್ತೇವೆ, ಲಚ್ಚಮ್ಮ ಅನ್ನುವವರ ಮಗ ಹೊರದೇಶಕ್ಕೆ ಹೋದವನು ಯಾರಾದರೂ ಇದ್ದಾನಾ ಅಂತ ವಿಚಾರಿಸುತ್ತಾರೆ ಅಂದರು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಾನು ತಡೆಯಲಾರದೆ ಕೇಳಿದೆ, "ಅಕ್ಕಾ, ಸಿಟ್ಟು ಬರುವುದಿಲ್ಲವಾ ನಿನಗೆ?"

"ಬರ್ತದ. ನಾಗು ಅಂದದ್ದು ನೆನಪಾದ್ರ ಮೈ ಉರೀತದ." ಬಿಸಿಲಿಗೆ ಸೆರಗು ತಲೆಗೆಳೆದುಕೊಂಡಳು. "ಆದ್ರ ನಾಯಿ ಹಿಡೀರಿ ಅಂದನಲ್ಲ, ಅದು ಯಾರೂ ಹೇಳಿಸಿದ್ದಲ್ಲ. ಅದು ಅವನೇ ಹೇಳಿದ್ದು."

ಸಂತೆಯ ದಿನ ಖೇಡದ ವ್ಯಾಪಾರಿ ಫೋನ್ ಮಾಡಿದ. ಮಾರುವುದಿಲ್ಲ ಅಂದಳು. ಅವನು ಬೈದ. ಇವಳೂ ಬೈದಳು. ಮೊಗಲಪ್ಪ ಚಹಾ ಕುಡಿಯಲು ಬಂದು, ಹೆಂಗಸರಿಗೆ ಫೋನ್ ಕೊಡಬಾರದು ಅಂತ ಶುರುಮಾಡಿದಾಗ ಅಮೃತಬಾಯಿಗೆ ಬಾಯಿ ವಾಪಸು ಬಂತು. "ನಿನ್ನ ಫೋನಿಗಿ ಲಾಟರಿ ಬಂದದ ಅಂತ ಹೋದ ವರ್ಷ ಯಾರಪ್ಪಾ ಐನೂರು ಕಳಸಿದ್ದು?" ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮೂರು ತಿಂಗಳಾಯಿತು. ಹಣ ಬಂದಿಲ್ಲ. ಯಾಲಾಲಿನಿಂದಲೂ ಪಕ್ಕಾ ಸುದ್ದಿ ಬಂದಿಲ್ಲ. ಎರಡು ಮನೆಯಲ್ಲಿ ಲಚ್ಚಮ್ಮ ಇದ್ದಾರೆ, ವಿಚಾರಣೆ ನಡೆದಿದೆ ಅಂತ ಧನಲಕ್ಷ್ಮಿ ಒಮ್ಮೆ ಹೇಳಿದಳು. ನಾನು ಆ ಎರಡೂ ಆಪ್ ತೆಗೆದುಹಾಕಿದ್ದೇನೆ. ಗೊತ್ತಿಲ್ಲದ ನಂಬರ್ ಎತ್ತಬೇಡ, ಹೊರದೇಶದ್ದಂತೂ ಮುಟ್ಟಲೇಬೇಡ, ಲಿಂಕ್ ಒತ್ತಬೇಡ ಅಂತ ಅವಳಿಗೆ ದಿನಾ ಹೇಳುತ್ತೇನೆ. ಲಿಂಕ್ ಒತ್ತುವುದಿಲ್ಲ. ಅದೊಂದು ಮಾತು ಕೇಳುತ್ತಾಳೆ.

ಇವತ್ತು ಬೆಳಿಗ್ಗೆ ಹಿಂಡು ಹೊರಡುವಾಗ ಅವಳ ಫೋನ್ ಬಡಿಯಿತು. ಉದ್ದದ, ಎಲ್ಲಿಯದೋ ನಂಬರು. ನಾನು ಬಾಗಿಲಿನಿಂದ "ಅಕ್ಕಾ, ಬೇಡ!" ಅಂತ ಕೂಗಿದೆ. ಅವಳು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಫೋನ್ ಕಿವಿಗಿಟ್ಟುಕೊಂಡಳು. ಐವತ್ತೊಂಬತ್ತು ಕುರಿ ಅವಳ ಎರಡೂ ಕಡೆಯಿಂದ ದಾಟಿ ಹೋಗುತ್ತಿದ್ದವು.

"ಹಾಂ, ನಾಗರತ್ನಾ ಮಾತಾಡ್ತೀನಿ. ಯಾರಪ್ಪಾ? ಯಾವ ಊರು?"

ಆ ಕಡೆಯವನು ಏನೋ ಹೇಳಿದ. ಅವಳು ಸ್ವಲ್ಪ ಹೊತ್ತು ಕೇಳಿದಳು.

"ಲೋನ್ ಬ್ಯಾಡಪ್ಪಾ," ಅಂದು ಫೋನನ್ನು ಕುಪ್ಪಸದಲ್ಲಿಟ್ಟುಕೊಂಡು ಹಿಂಡಿನ ಹಿಂದೆ ನಡೆದಳು.